'ಬಂಗಾರದ ಮನುಷ್ಯ'ನ ಮುಂದೆ 17 ಸಾರಿ ಕೂತೆ!

"ಒಂದೇ ಸಿನಿಮಾನ ಎಷ್ಟು ಸಾರಿ ನೋಡ್ತೀಯಪ್ಪಾ? ಕಥೆ ಗೊತ್ತು, ಹಾಡು ಗೊತ್ತು, ಕೊನೆಗೆ ಏನಾಗುತ್ತೆ ಅಂತ್ಲೂ ಗೊತ್ತು. ಮತ್ತೆ ಯಾಕೆ ದುಡ್ಡು ಹಾಳು?"

ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನನ್ನ ತಾಯಿ. ಆಮೇಲೆ ಹೆಂಡತಿ. ಈಗ ಮೊಮ್ಮಗ. ಮೂವರಿಗೂ ನಾನು ಕೊಟ್ಟ ಉತ್ತರ ಒಂದೇ... ಹಲ್ಲು ಕಿರಿದು ಸುಮ್ಮನಾಗಿದ್ದು! ಇವತ್ತು ಬರವಣಿಗೆಯಲ್ಲಾದರೂ ಉತ್ತರ ಹೇಳೋಣ ಅಂತ ಕೂತಿದ್ದೇನೆ. ಬಸ್ಸು ತಡವಾಗುತ್ತೆ ಅಂತ ಈ ಪತ್ರಿಕೆ ಕೊಂಡ ತಮ್ಮಂದಿರೇ, ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ ನಿಧಾನವಾಗಿ ಓದಿ.

ನಾನು ಗೌರಿಬಿದನೂರು ತಾಲ್ಲೂಕು ಕುಡುಮಲಕುಂಟೆಯವನು. ಊರಿನ ಹೆಸರಲ್ಲೇ ಕುಂಟೆ ಇದೆ. ನೀರು ಮಾತ್ರ ಹೆಸರಲ್ಲೇ ಉಳಿದುಕೊಂಡಿದೆ! ಈಗ ನಮ್ಮೂರ ಹೆಸರು ಹೇಳಿದರೆ ಜನಕ್ಕೆ ನೆನಪಾಗೋದು ಕೈಗಾರಿಕಾ ಪ್ರದೇಶ. ನಾನು ಹೇಳುತ್ತಿರುವ ಕಾಲಕ್ಕೆ ಇಲ್ಲಿದ್ದದ್ದು ರಾಗಿ, ಕಡ್ಲೆಕಾಯಿ, ಮುಸುಕಿನ ಜೋಳ, ಮತ್ತು ಬೇಸಿಗೆ ಬಂತೆಂದರೆ ಪಕ್ಕದ ಊರಿನ ಬಯಲಿನಲ್ಲಿ ಏಳುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆ.

ಸಂಜೆ ಏಳಕ್ಕೆ ಮೈಕಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಬಂತೆಂದರೆ ಟಿಕೆಟ್ ಕೊಡೋಕೆ ಶುರು ಅಂತ ಅರ್ಥ. ಅರ್ಧ ತಿಂದ ಮುದ್ದೆ ಅಲ್ಲೇ ಬಿಟ್ಟು ಓಡುತ್ತಿದ್ದೆವು. ನೆಲಕ್ಕೆ ನಾಲ್ಕಾಣೆ. ಬೆಂಚು, ಕುರ್ಚಿ ಎಲ್ಲ ಶಾನುಭೋಗರ ಮನೆಯವರಿಗೆ, ಮೇಷ್ಟ್ರಿಗೆ. ನಾವು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಮಹಾರಾಜರ ಹಾಗೆ ಕೂರೋದು. ಹಿಂದಿನವನು ಬೈದರೆ ಗುಡ್ಡೆ ಅರ್ಧ ಇಂಚು ಇಳಿಸೋದು. ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಾಯಿಸುವಾಗೆಲ್ಲ ಕತ್ತಲೆ, ಸಿಳ್ಳೆ, ಕಡ್ಲೆಕಾಯಿ ಸಿಪ್ಪೆಯ ಮಳೆ!

ಇನ್ನೊಂದು ಮಾತು ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಆಗ ಡೇರೆಗೆ ಬರುತ್ತಿದ್ದದ್ದು ಬೆಂಗಳೂರು, ಮೈಸೂರು, ತುಮಕೂರು ಎಲ್ಲ ಸುತ್ತಿ ಸುಸ್ತಾದ ಪ್ರಿಂಟು. ಮೈತುಂಬ ಗೀರು. ಹರಿದ ಕಡೆ ಕತ್ತರಿಸಿ ಅಂಟಿಸಿರುತ್ತಿದ್ದರು. ಒಂದು ಊರಲ್ಲಿ ನೋಡಿದಾಗ ಇದ್ದ ಹಾಡು ಇನ್ನೊಂದು ಊರಲ್ಲಿ ಮಾಯ! ಹಾಗಾಗಿ ಎರಡನೇ ಸಾರಿ ಹೋಗೋದಕ್ಕೆ ನಮಗೊಂದು ನ್ಯಾಯವಾದ ಕಾರಣವೇ ಇತ್ತು: ಹೋದ ಸಾರಿ ಕಾಣದೇ ಹೋದದ್ದು ಈ ಸಾರಿ ಕಂಡೀತು. ಒಂದೇ ಚಿತ್ರವನ್ನು ನಾಲ್ಕು ಕಡೆ ನೋಡಿ, ನಾಲ್ಕು ತುಂಡು ಜೋಡಿಸಿಕೊಂಡು, ತಲೆಯೊಳಗೆ ಒಂದು ಪೂರ್ತಿ ಚಿತ್ರ ಮಾಡಿಕೊಂಡವರು ನಾವು.

ಹಿಂದೂಪುರದ ಜಗಳ

ನಮ್ಮದು ಗಡಿ ತಾಲ್ಲೂಕು. ಗೌರಿಬಿದನೂರಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಹಿಂದೂಪುರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅನ್ನೋ ಮನೆಗಳು ಸಾಕಷ್ಟು. ಒಂದೇ ಹುಡುಗ ಶನಿವಾರ ಅಣ್ಣಾವ್ರ ಅಭಿಮಾನಿ, ಭಾನುವಾರ ಎನ್.ಟಿ.ಆರ್. ಅಭಿಮಾನಿ! ಮುಂದೆ 1985ರಲ್ಲಿ ಎನ್.ಟಿ.ಆರ್. ಅದೇ ಹಿಂದೂಪುರದಿಂದ ಶಾಸಕರಾದಾಗ ನಮ್ಮ ಕಡೆಯ ಹುಡುಗರೂ ಹೋಗಿ ಕುಣಿದು ಬಂದಿದ್ದುಂಟು.

1977ರಲ್ಲಿ 'ಅಡವಿ ರಾಮುಡು' ಬಂದಾಗ ಟೀ ಅಂಗಡಿಯಲ್ಲಿ ಭಾರೀ ಜಗಳ. "ಕಾಡು, ಆನೆ, ಮರ ಕಳ್ಳರು... ಇಂಥಾ ಚಿತ್ರ ಕನ್ನಡದಲ್ಲಿ ಇದೆಯೇನ್ರೋ?" ಅಂದ ಒಬ್ಬ. "ಲೋ, ನಮ್ಮ 'ಗಂಧದ ಗುಡಿ' 1973ರಲ್ಲೇ ಬಂದಿದೆ ಕಣೋ!" ಅಂತ ಇನ್ನೊಬ್ಬ. ಬಾಕಿ ಕಾಸು ಕೊಡದೇ ಎದ್ದು ಹೋದವರೇ ಜಾಸ್ತಿ. ಹಾಗೇ 'ನಾಗರಹಾವು'. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ 1972ರಲ್ಲಿ ಮಾಡಿದ ಆ ಚಿತ್ರ, ಎರಡು ವರ್ಷದಲ್ಲಿ ಹಿಂದೂಪುರಕ್ಕೆ 'ಕೋಡೆನಾಗು' ಆಗಿ ಬಂತು. ನಮ್ಮ ರಾಮಾಚಾರಿ ಜಾಗದಲ್ಲಿ ಶೋಭನ್ ಬಾಬು! ಪುಟ್ಟಣ್ಣನವರೇ ಹಿಂದಿಯಲ್ಲಿ ರಿಷಿ ಕಪೂರ್‌ನ ಹಾಕಿಕೊಂಡು 'ಜಹರೀಲಾ ಇನ್ಸಾನ್' ಮಾಡಿದರು. ಎರಡನ್ನೂ ನೋಡಿದ್ದೇನೆ. ಒಂದೊಂದೇ ಸಾರಿ. ಚಿತ್ರದುರ್ಗದ ಕಲ್ಲಿನ ಮೇಲೆ ವಿಷ್ಣುವರ್ಧನ್ ನಿಂತಿದ್ದನ್ನು, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥರು ಆ ಹುಡುಗನನ್ನು ಕಣ್ಣಲ್ಲೇ ಸವರುತ್ತಿದ್ದುದನ್ನು ನೋಡಿದ ಮೇಲೆ ಬೇರೆಯದು ಗಂಟಲಲ್ಲಿ ಇಳಿಯಲಿಲ್ಲ. ಕಥೆ ಅದೇ, ತಿರುವು ಅದೇ. ಅಂದಮೇಲೆ ನಾನು ಮತ್ತೆ ಮತ್ತೆ ಹೋಗಿದ್ದು ಕಥೆಗಲ್ಲ ಅಂತ ಆಗಲೇ ಅನುಮಾನ ಬಂತು.

ಕೊನೆ ಗೊತ್ತಿದ್ದರೆ ಕೆಡುವ ಚಿತ್ರ, ಕೊನೆ ಗೊತ್ತಿದ್ದರೆ ಭಾರವಾಗುವ ಚಿತ್ರ

ನನ್ನ ಲೆಕ್ಕದಲ್ಲಿ ಚಿತ್ರಗಳು ಎರಡೇ ಜಾತಿ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಸತ್ತುಹೋಗುವವು ಒಂದು ಜಾತಿ. ಗೊತ್ತಾದ ಮೇಲೆ ಹುಟ್ಟುವವು ಇನ್ನೊಂದು.

'ಕಸ್ತೂರಿ ನಿವಾಸ' ತಗೊಳ್ಳಿ. 1971ರ ಚಿತ್ರ, ದೊರೈ-ಭಗವಾನ್ ಜೋಡಿಯ ನಿರ್ದೇಶನ. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ, ಕೊಟ್ಟು ಕೊಟ್ಟು ಬರಿಗೈಯಾಗುವ ಕಥೆ. ಇದನ್ನೇ ಶಿವಾಜಿ ಗಣೇಶನ್ 1975ರಲ್ಲಿ ತಮಿಳಿನಲ್ಲಿ 'ಅವನ್‌ದಾನ್ ಮನಿದನ್' ಅಂತ ಮಾಡಿದರು. ಕೊನೆಯಲ್ಲಿ ಜಯಂತಿ ಆ ಮನೆಗೆ ಬರುತ್ತಾಳಲ್ಲ... ಬಂದವಳಿಗೆ ಒಂದು ಹೊತ್ತಿನ ಊಟ ಹಾಕುವುದಕ್ಕಾಗಿ ಅಣ್ಣಾವ್ರು ತಾವು ಸಾಕಿದ ಪಾರಿವಾಳವನ್ನೇ ಕಳೆದುಕೊಂಡಿರುತ್ತಾರೆ. ಅವಳು ಬಂದಿರೋದೇ ಆ ಪಾರಿವಾಳ ಕೇಳೋದಕ್ಕೆ! ಮೊದಲನೇ ಸಾರಿ ನೋಡುವವನಿಗೆ ಅದು ಒಂದು ಪೆಟ್ಟು, ಅಷ್ಟೆ. ಎರಡನೇ ಸಾರಿ ನೋಡುವವನಿಗೆ ಪೆಟ್ಟು ಬೀಳೋದು ಅರ್ಧ ಗಂಟೆ ಮುಂಚೆಯೇ. ಪಾರಿವಾಳ ತೆರೆ ಮೇಲೆ ರೆಕ್ಕೆ ಬಡಿದಾಗಲೇ ಹೊಟ್ಟೆಯಲ್ಲಿ ಏನೋ ಕಿವುಚುತ್ತೆ. "ಕೊಡಬೇಡ ಸ್ವಾಮೀ" ಅಂತ ಕೂಗಬೇಕು ಅನ್ನಿಸುತ್ತೆ. ನೆಲದಲ್ಲಿ ಕೂತವರು ಕೂಗಿಯೂ ಇದ್ದಾರೆ! 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗ ಬೆಂಗಳೂರಿಗೆ ಹೋಗಿ ನೋಡಿದೆ. ಪಕ್ಕದಲ್ಲಿ ಪ್ಯಾಂಟು ಹರಿದುಕೊಂಡ ಫ್ಯಾಷನ್ ಹುಡುಗ. ಪಾರಿವಾಳದ ಹೊತ್ತಿಗೆ ಅವನ ಮೂಗು ಸೊರಸೊರ ಅಂತಿತ್ತು. ಕಪ್ಪು ಬಿಳುಪೇ ಚೆನ್ನಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ಅದು ಬೇರೆ ವಿಷಯ.

ಇದಕ್ಕೆ ಉಲ್ಟಾ 'ಅಂತ'. 1981ರಲ್ಲಿ ಅಂಬರೀಷ್ ಎರಡು ಪಾತ್ರದಲ್ಲಿ ತೆರೆ ಹರಿದುಹಾಕಿದ ಚಿತ್ರ. ಕನ್ವರ್‌ಲಾಲ್ ಸ್ಟೈಲು ನಮ್ಮ ಊರಿನ ಪ್ರತಿ ಹುಡುಗನಿಗೂ ಬರುತ್ತಿತ್ತು, ನನಗೂ! ಮೊದಲ ಸಾರಿ ರಕ್ತ ಕುದಿಯಿತು. ಎರಡನೇ ಸಾರಿ ಆ ಹಿಂಸೆಯ ದೃಶ್ಯ ಬರುತ್ತೆ ಅಂತ ಗೊತ್ತಿದ್ದರಿಂದಲೇ ಎದ್ದು ಬೀಡಿ ಸೇದೋಕೆ ಹೋದೆ. ಒಳ್ಳೇ ಚಿತ್ರವೇ. ಆದರೆ ನನ್ನ ಗುಂಡಿಗೆಗೆ ಒಂದೇ ಸಾರಿ ಸಾಕು.

'ಶೋಲೆ' ಬಗ್ಗೆ ಬರೆಯದಿದ್ದರೆ ನೀವು ಬೈಯುತ್ತೀರಿ. ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ, 1975ರಲ್ಲಿ ಬಂದ ಆ ಚಿತ್ರದ ಮಾತುಗಳದ್ದೇ ಗ್ರಾಮಾಫೋನ್ ರೆಕಾರ್ಡು ಬಂದಿತ್ತು. ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಹಾಡಿನ ಬದಲು ಗಬ್ಬರ್ ಸಿಂಗನ ಬೈಗುಳ! ಹಿಂದಿ ಒಂದಕ್ಷರ ಬಾರದವರೂ ಬಾಯಿಪಾಠ. ಅದನ್ನು ಜನ ನೋಡೋಕೆ ಹೋಗುತ್ತಿರಲಿಲ್ಲ, ನಟರಿಗಿಂತ ಮುಂಚೆ ಮಾತು ಹೇಳೋಕೆ ಹೋಗುತ್ತಿದ್ದರು.

ನನ್ನ ಎರಡನೇ ನಂಬರ್ ಚಿತ್ರ 'ಭೂತಯ್ಯನ ಮಗ ಅಯ್ಯು'. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, 1974. ಲೋಕನಾಥ್ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ ಕ್ಷಣ ಇಡೀ ಡೇರೆಯ ಬಾಯಲ್ಲಿ ನೀರು. ಎಷ್ಟನೇ ಸಾರಿ ನೋಡಿದರೂ ನೀರು. ಆ ಒಂದು ದೃಶ್ಯದಿಂದ ಆ ಮಹಾನುಭಾವ ಕೊನೆವರೆಗೂ 'ಉಪ್ಪಿನಕಾಯಿ ಲೋಕನಾಥ್' ಆದರು. ಅದೇ ಚಿತ್ರದಲ್ಲಿ ಭೂತಯ್ಯ ಸತ್ತಾಗ ಊರಿನವರು ಹೆಗಲು ಕೊಡಲು ಬರೋದಿಲ್ಲ. ಎಂ.ಪಿ. ಶಂಕರ್ ಅಷ್ಟು ಹೊತ್ತು ಗದರಿಸಿ ಗದರಿಸಿ ಮಾಡಿದ ಪಾಪವೆಲ್ಲ ಆ ಖಾಲಿ ಬೀದಿಯಲ್ಲಿ ಕಾಣುತ್ತೆ. ನಮ್ಮ ಊರಿನ ಬಡ್ಡಿ ಸಾಹುಕಾರನೊಬ್ಬ ಬೆಂಚಿನಲ್ಲಿ ಕೂತು ಇದನ್ನು ನೋಡಿ, ವಿರಾಮದಲ್ಲಿ ಎಲ್ಲರಿಗೂ ಸೋಡಾ ಕೊಡಿಸಿದ. ಬಡ್ಡಿ ಮಾತ್ರ ಬಿಡಲಿಲ್ಲ!

ಶಂಕರ್‌ನಾಗ್ ಅಭಿಮಾನಿಗಳು ಕೋಪ ಮಾಡಿಕೊಳ್ಳಬೇಡಿ. 'ಮಿಂಚಿನ ಓಟ' (1980) ನನ್ನ ಪಟ್ಟಿಯಲ್ಲಿ ಇದೆ. ನಮ್ಮ ನಂದಿ ಬೆಟ್ಟಕ್ಕೆ ರೋಪ್‌ವೇ ಹಾಕಬೇಕು ಅಂತ ಕನಸು ಕಂಡ ಮನುಷ್ಯನನ್ನು ಈ ಜಿಲ್ಲೆಯವನು ಹೇಗೆ ಬಿಟ್ಟಾನು? ಆದರೆ ಇವತ್ತಿನ ಬರಹಕ್ಕೆ ನಾಯಕ ಬೇರೆ.

ಚಿಕ್ಕಪ್ಪನ ಹೆಗಲ ಮೇಲೆ ಕೂತು

'ಬಂಗಾರದ ಮನುಷ್ಯ' ಬಿಡುಗಡೆಯಾದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಪತ್ತೇದಾರಿ ಕಾದಂಬರಿಗೆ ಹೆಸರಾದ ಟಿ.ಕೆ. ರಾಮರಾಯರು ಬರೆದ ಕಾದಂಬರಿ, ಸಿದ್ದಲಿಂಗಯ್ಯನವರದೇ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ('ಕಸ್ತೂರಿ ನಿವಾಸ'ಕ್ಕೂ 'ಭೂತಯ್ಯ'ನಿಗೂ ಅವರದೇ ಸಂಗೀತ. ಇಳಯರಾಜಾ ಅವರ ಬಳಿ ಸಹಾಯಕರಾಗಿ ಪಳಗಿದವರು ಅನ್ನೋದನ್ನು ತಮಿಳು ಹಾಡಿಗೆ ತಲೆದೂಗುವ ಗೆಳೆಯರು ನೆನಪಿಟ್ಟುಕೊಳ್ಳಲಿ.) ಬೆಂಗಳೂರಲ್ಲಿ ಅದು ಹಳತಾದ ಮೇಲೆ, 1974ರ ಬೇಸಿಗೆಗೆ ನಮ್ಮ ಡೇರೆಗೆ ಬಂತು. ನನಗೆ ಹದಿಮೂರು ವರ್ಷ.

ಕರಕೊಂಡು ಹೋದದ್ದು ಚಿಕ್ಕಪ್ಪ. ನಮ್ಮ ತಂದೆಯ ತಮ್ಮ. ಮದುವೆ ಆಗಲಿಲ್ಲ. ತಂದೆಗೆ ಉಬ್ಬಸ ಇದ್ದದ್ದರಿಂದ ಹೊಲದ ನೊಗ ಹೊತ್ತವರೇ ಅವರು. ಹದಿಮೂರಾದರೂ ನಾನು ಪೀಚು. ಟಿಕೆಟ್ ಗೇಟಿನ ನೂಕುನುಗ್ಗಲಲ್ಲಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಮೇಲಿಂದ ನೋಡಿದರೆ ಬರೀ ಟವೆಲ್ಲು ಸುತ್ತಿದ ತಲೆಗಳು!

ಆ ಚಿತ್ರದಲ್ಲಿ ರಾಜೀವ ಬಂಡೆ ನೆಲ ಅಗೆದು ಹಸಿರು ಮಾಡುವ ಹಾಡು ಇದೆಯಲ್ಲ. ಪಿ.ಬಿ. ಶ್ರೀನಿವಾಸ್ ಕಂಠ, ಅಣ್ಣಾವ್ರ ಕೈಯಲ್ಲಿ ಗುದ್ದಲಿ. ಅದರೊಳಗೆ ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರ ಹೆಸರು ಬರುತ್ತೆ. ಮುದ್ದೇನಹಳ್ಳಿ ನಮ್ಮ ಪಕ್ಕದ ತಾಲ್ಲೂಕು! ಆ ಹೆಸರು ಬಂದದ್ದೇ ತಡ ಡೇರೆ ಕಿತ್ತುಹೋಗುವಂಥ ಸಿಳ್ಳೆ. ಚಿಲ್ಲರೆ ಕಾಸು ತೆರೆಗೆ ಬಿತ್ತು. ಪ್ರೊಜೆಕ್ಟರಿನವನು ರೀಲು ಹಿಂದಕ್ಕೆ ಸುತ್ತಿ ಆ ಹಾಡನ್ನು ಮತ್ತೆ ಹಾಕಬೇಕಾಯಿತು. ಗೆಳೆಯರೇ, ನದಿ ಅಂತ ಹೆಸರಿಗೆ ಒಂದು ಉತ್ತರ ಪಿನಾಕಿನಿ, ಅದರಲ್ಲೂ ವರ್ಷದ ಬಹುಪಾಲು ಮರಳು... ಅಂಥಾ ಸೀಮೆಯ ಜನ ತೆರೆ ಮೇಲೆ ಒಣನೆಲ ಹಸಿರಾಗೋದು ನೋಡಿದರೆ ಹೇಗಿರುತ್ತೆ ಹೇಳಿ!

ಮಾರನೇ ವರ್ಷ ಚಿಕ್ಕಪ್ಪ ನಮ್ಮ ಬಾವಿ ಆಳ ಮಾಡೋಕೆ ಇಳಿದರು. ಸಿನಿಮಾ ನೋಡಿ ತಲೆ ಕೆಟ್ಟಿದೆ ಅಂತ ಊರವರು ನಕ್ಕರು. ನಲವತ್ತು ಅಡಿ ಬಾವಿ, ಕೆಳಗೆ ಕರೀಕಲ್ಲು. ಉಳಿ ಸುತ್ತಿಗೆಯಲ್ಲಿ ತೂತು ಹೊಡೆದು, ಮದ್ದು ಇಟ್ಟು, ಸಿಡಿಸಿ, ಕಲ್ಲನ್ನು ಮಂಕರಿಯಲ್ಲಿ ಮೇಲೆತ್ತೋದು. ಎರಡು ಬೇಸಿಗೆ ಹಿಡಿಯಿತು. ಐವತ್ತೆರಡನೇ ಅಡಿಗೆ ಪಕ್ಕದ ಸೀಳಿನಿಂದ ಬೆರಳು ಗಾತ್ರದ ನೀರು ಬಂತು. ಚಿಕ್ಕಪ್ಪ ಬಾವಿಯೊಳಗಿಂದಲೇ ಆ ಹಾಡು ಹಾಡಿದರು. ಶ್ರುತಿ ಇಲ್ಲ, ತಾಳ ಇಲ್ಲ. ಬಾವಿಯ ಗೋಡೆಗೆ ಬಡಿದು ಮೇಲೆ ಬಂದದ್ದು ಮಾತ್ರ ಪಿ.ಬಿ.ಎಸ್. ದನಿಗಿಂತ ದೊಡ್ಡದಾಗಿತ್ತು!

ಆ ದಿನಗಳಲ್ಲಿ ಎಲ್ಲಿ 'ಬಂಗಾರದ ಮನುಷ್ಯ' ಹಾಕಿದರೂ ನಾನು ಹಾಜರ್. ಗೌರಿಬಿದನೂರಿಗೆ ಸೈಕಲ್, ದೊಡ್ಡಬಳ್ಳಾಪುರಕ್ಕೆ ರೈಲು, ಒಂದು ಸಾರಿ ಚಿಂತಾಮಣಿವರೆಗೂ. ಪ್ರತಿ ಸಾರಿಯೂ ನಾನೇ ರಾಜೀವ. ಕಾಲೆಳೆದುಕೊಂಡು ಬರುವ ರಾಚೂಟಪ್ಪ ಬಾಲಣ್ಣ ನನ್ನ ದೋಸ್ತ್. ಹೋರಿ ತಿವಿದು ಭಾರತಿ ಸತ್ತಾಗ ವಿಧುರ ನಾನೇ. ಕೊನೆಗೆ ಅಕ್ಕನ ಮಗ ಆಡಬಾರದ ಮಾತು ಆಡಿ, ಬೆವರು ಸುರಿಸಿ ಮನೆ ಕಟ್ಟಿದ ಆ ಮನುಷ್ಯ ಎಲ್ಲಾ ಬಿಟ್ಟು ನಡೆದುಹೋಗುವಾಗ, ಆ ಹುಡುಗನ ಕಪಾಳಕ್ಕೆ ಬಾರಿಸಬೇಕು ಅಂತ ನನ್ನ ಕೈ ಕಡಿಯುತ್ತಿತ್ತು. "ಥೂ ನಿನ್ನ!" ಅಂತ ಡೇರೆಯಲ್ಲಿ ಉಗಿದವರಲ್ಲಿ ನಾನೂ ಒಬ್ಬ.

ಹನ್ನೊಂದು ಸಾರಿ ಹೀಗೇ ನೋಡಿದೆ.

ಹನ್ನೆರಡನೇ ಸಾರಿ

ಪಿ.ಯು.ಸಿ. ಮುಗಿಸಿ 1984ರಲ್ಲಿ ಪಟ್ಟಣದ ಒಂದು ಮಿಲ್ಲಿಗೆ ಕೆಲಸಕ್ಕೆ ಸೇರಿದೆ. ಸಂಬಳ ಬಂತು, ಕೈಗೆ ಗಡಿಯಾರ ಬಂತು, ಜೊತೆಗೆ ನಾಲಿಗೆಗೆ ಉದ್ದವೂ ಬಂತು. 1987ರಲ್ಲಿ ಕಡ್ಲೆಕಾಯಿ ಮಾರಿದ ದುಡ್ಡಿನಲ್ಲಿ ಒಂದಿಷ್ಟನ್ನು ಚಿಕ್ಕಪ್ಪ ಮನೆಗೆ ತರದೆ, ಬಾವಿ ತೋಡಿಸುತ್ತಿದ್ದ ಪಕ್ಕದ ಹೊಲದವನಿಗೆ ಕೈಸಾಲ ಕೊಟ್ಟಿದ್ದರು. ರಾತ್ರಿ ಊಟಕ್ಕೆ ಕೂತಾಗ ನಾನು ಕೇಳಿದೆ:

"ಲೆಕ್ಕ ಎಲ್ಲಿ ಚಿಕ್ಕಪ್ಪಾ?"

ಅಷ್ಟೇ ಮಾತು. ಬೈಗುಳವಿಲ್ಲ, ಜಗಳವಿಲ್ಲ. ಚಿಕ್ಕಪ್ಪ ಕೈ ತೊಳೆದು ಬಂದು, ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಮುಂದೆ ಬೋರಲು ಹಾಕಿದರು. ಹಿಂಬದಿಯಲ್ಲಿ ಸೀಸದ ಕಡ್ಡಿಯಲ್ಲಿ ಬರೆದಿತ್ತು. ಗೊಬ್ಬರ ಇಷ್ಟು, ಆಳು ಇಷ್ಟು, ನನ್ನ ಕಾಲೇಜು ಫೀಜು ಇಷ್ಟು. ಬೀಡಿಗೆ ಇಷ್ಟು ಅಂತಲೂ ಇತ್ತು. ತಂದೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಂಟು ದಿನಕ್ಕೆ ಚಿಕ್ಕಪ್ಪ ದೊಡ್ಡಬಳ್ಳಾಪುರಕ್ಕೆ ಹೊರಟರು. ಅಲ್ಲಿ ಮನೆಮನೆಯಲ್ಲೂ ವಿದ್ಯುತ್ ಮಗ್ಗ. ಒಂದು ಷೆಡ್ಡಿನಲ್ಲಿ ಕೆಲಸ ಹಿಡಿದರು. "ಇಲ್ಲಿ ಇಬ್ಬರಿಗೆ ಕೆಲಸ ಇಲ್ಲ, ಅದಕ್ಕೆ" ಅಂತ ಅಮ್ಮನಿಗೆ ಹೇಳಿ ಹೋದರಂತೆ. ಆಮೇಲೆ ಯುಗಾದಿಗೆ, ಗೌರಿ ಹಬ್ಬಕ್ಕೆ ಬರುತ್ತಿದ್ದರು. ಕೈಯಲ್ಲಿ ಒಂದು ಬ್ಯಾಗು, ಒಳಗೆ ಮಕ್ಕಳಿಗೆ ಬ್ರೆಡ್ಡು. ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗೋರು.

'ಬಂಗಾರದ ಮನುಷ್ಯ' ನೋಡಿ ಪೇಟೆ ಬಿಟ್ಟು ಹಳ್ಳಿಗೆ ಬಂದು ನೇಗಿಲು ಹಿಡಿದ ಹುಡುಗರ ಕಥೆ ನೀವೆಲ್ಲ ಕೇಳಿದ್ದೀರಿ. ಅದೇ ಚಿತ್ರವನ್ನು ಹನ್ನೊಂದು ಸಾರಿ ನೋಡಿದ ನಾನು, ಹಳ್ಳಿಯಲ್ಲಿದ್ದ ಒಬ್ಬ ರೈತನನ್ನು ಪೇಟೆಗೆ ಅಟ್ಟಿದೆ!

ಹನ್ನೆರಡನೇ ಸಾರಿ ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಸಂಜೆ. ನಮ್ಮ ಬೀದಿಗೆಲ್ಲ ನಮ್ಮದೊಂದೇ ಟಿ.ವಿ. ನಡುಮನೆ ತುಂಬ ಜನ, ಕಿಟಕಿಯಲ್ಲಿ ತಲೆಗಳು. ವಿಶ್ವೇಶ್ವರಯ್ಯನವರ ಹೆಸರಿಗೆ ಎಂದಿನಂತೆ ಸಿಳ್ಳೆ. ಚಿತ್ರ ಮುಂದೆ ಹೋಯಿತು. ಅಕ್ಕನ ಮಗ ಬಾಯಿ ತೆರೆದ. ಆ ಕ್ಷಣದಲ್ಲಿ ನಡುಮನೆ ಎಷ್ಟು ನಿಶ್ಶಬ್ದವಾಯಿತು ಅಂದರೆ, ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇರೋದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದರು. ಅಮ್ಮ "ಎಸರು ಉಕ್ಕಿತೇನೋ" ಅಂತ ಎದ್ದು ಒಳಗೆ ಹೋದರು. ಒಲೆ ಇನ್ನೂ ಹಚ್ಚೇ ಇರಲಿಲ್ಲ.

ತೆರೆ ಮೇಲಿನ ಆ ಹುಡುಗನಿಗೆ ಉಗಿಯೋಣ ಅಂದರೆ ಬಾಯಿ ಒಣಗಿತ್ತು. ಅವನು ಆಡುತ್ತಿರುವ ಒಂದೊಂದು ಮಾತೂ ಅವನಿಗೆ ಆ ಹೊತ್ತಿನಲ್ಲಿ ಎಷ್ಟು ನ್ಯಾಯವಾಗಿ ಕಾಣುತ್ತಿದೆ ಅನ್ನೋದು ನನಗೆ ಮೊದಲ ಸಾರಿ ಗೊತ್ತಾಯಿತು. ಅಲ್ಲಿಯವರೆಗೆ ನಾನು ಚಿತ್ರ ನೋಡುತ್ತಿದ್ದೆ. ಆ ಸಂಜೆ ಚಿತ್ರ ನನ್ನನ್ನು ನೋಡಿತು ಕಣ್ರೀ!

ಅಮ್ಮನಿಗೆ, ಹೆಂಡತಿಗೆ, ಮೊಮ್ಮಗನಿಗೆ ಕೊಡಬೇಕಾದ ಉತ್ತರ ಇದೇ ಅಂತ ಕಾಣುತ್ತೆ. ಪ್ರಿಂಟು ಅದೇ. ಕೂತಿರುವವನು ಬೇರೆ.

ಬಾಲಣ್ಣನ ಕಿವಿ

ಕ್ಷಮಿಸಿ ಅಂತ ನಾನು ಚಿಕ್ಕಪ್ಪನಿಗೆ ಹೇಳಲಿಲ್ಲ. ನಮ್ಮ ಕಡೆ ಗಂಡಸರು ಆ ಮಾತು ಆಡೋದು ಕಡಿಮೆ. ಹೋದಾಗೆಲ್ಲ "ಊರಿಗೆ ಬನ್ನಿ ಚಿಕ್ಕಪ್ಪಾ" ಅಂತಿದ್ದೆ. "ಬರೋಣ, ಬರೋಣ" ಅನ್ನೋರು. ತಂದೆ ತೀರಿಕೊಂಡರು. ಚಿಕ್ಕಪ್ಪ ಸಿಡಿಸಿದ ಬಾವಿ ಬತ್ತಿತು. 2003ರಲ್ಲಿ ಬೋರು ಕೊರೆಸಿದೆ. 1,100 ಅಡಿ ಹೋದರೂ ಮೇಲೆ ಬಂದದ್ದು ಬಿಳೀ ದೂಳು. ಎರಡೆಕರೆ ಮಾರಿದೆ. ಅದೊಂದನ್ನು ಚಿಕ್ಕಪ್ಪನಿಗೆ ಹೇಳೋಕೆ ಮೂರು ತಿಂಗಳು ಹಿಡಿಯಿತು. ಅವರು ಕೇಳಿದ್ದು ಒಂದೇ: "ಬಾವಿ ಮುಚ್ಚಿದ್ರಾ?"

2006ರ ಏಪ್ರಿಲ್ 12. ಅಣ್ಣಾವ್ರು ಹೋದರು. ಬೆಂಗಳೂರು ಹೊತ್ತಿ ಉರಿಯಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿ ಮೇಲೆ ಚಿಕ್ಕಪ್ಪ! ಹಬ್ಬವಲ್ಲ, ಹುಣ್ಣಿಮೆಯಲ್ಲ. ಕೈಯಲ್ಲಿ ಬ್ಯಾಗೂ ಇಲ್ಲ. ಟಿ.ವಿ.ಯಲ್ಲಿ ಕಂಠೀರವ ಸ್ಟುಡಿಯೋದ ದೃಶ್ಯವನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಇಬ್ಬರೂ ಮಾತಾಡದೆ ನೋಡಿದೆವು. ಆ ರಾತ್ರಿ ಅವರು ಊರಲ್ಲೇ ಉಳಿದರು. ಹತ್ತೊಂಬತ್ತು ವರ್ಷದಲ್ಲಿ ಹಬ್ಬವಿಲ್ಲದ ದಿನ ಉಳಿದದ್ದು ಅದೇ ಮೊದಲು.

ಹದಿನೇಳನೇ ಸಾರಿ ಚಿತ್ರ ನೋಡಿದ್ದು 2015ರಲ್ಲಿ, ದೊಡ್ಡಬಳ್ಳಾಪುರದ ಅವರ ಒಂದು ಕೋಣೆಯ ಮನೆಯಲ್ಲಿ. ಅವರಿಗೆ ಎಪ್ಪತ್ತೆರಡು. ಕಾಲಿನ ಶಕ್ತಿ ಹೋಗಿತ್ತು. ಮಗ್ಗದ ಸದ್ದಿನಲ್ಲಿ ಇಪ್ಪತ್ತು ವರ್ಷದ ಮೇಲೆ ನಿಂತವರಿಗೆ ಆಗೋ ಹಾಗೆ ಕಿವಿಯೂ ಮುಕ್ಕಾಲು ಹೋಗಿತ್ತು. ಸಿ.ಡಿ. ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಹುರಿದ ಕಡ್ಲೆಕಾಯಿ. 1974ರ ಆ ರಾತ್ರಿ ಬಿಟ್ಟರೆ ನಾವಿಬ್ಬರೂ ಒಟ್ಟಿಗೆ ಕೂತು ಆ ಚಿತ್ರ ನೋಡುತ್ತಿದ್ದದ್ದು ಅದೇ ಎರಡನೇ ಸಾರಿ.

"ಕೇಳಿಸುತ್ತಾ ಚಿಕ್ಕಪ್ಪಾ?" ಅಂತ ಕೂಗಿದೆ.

"ಬಾಲಣ್ಣಂಗೂ ಕಿವಿ ಕೇಳಿಸ್ತಿರಲಿಲ್ಲ ಕಣೋ. ಎದುರಿಗಿರೋರ ತುಟಿ ನೋಡ್ಕೊಂಡೇ ಅಷ್ಟು ಚೆನ್ನಾಗಿ ಮಾತಾಡ್ತಿದ್ದ. ನಾನು ನೋಡೋಕೆ ಏನು ಕಷ್ಟ?"

ನಿಜ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಮಂದ ಅನ್ನೋದು ಚಿತ್ರರಂಗಕ್ಕೆಲ್ಲ ಗೊತ್ತಿದ್ದ ವಿಷಯ. ಆ ರಾಚೂಟಪ್ಪನ ಠೀವಿ, ಆ ಮಾತಿನ ಏರಿಳಿತ ನೋಡಿದವರು ನಂಬೋದು ಕಷ್ಟ.

ಹಾಡು ಬಂತು. ಚಿಕ್ಕಪ್ಪನ ಬೆರಳು ಮಂಡಿಯ ಮೇಲೆ ತಾಳ ಹಾಕಿತು. ತಾಳ ಆಗಲೂ ತಪ್ಪೇ! "ಐವತ್ತೆರಡು ಅಡಿ" ಅಂದರು, ನನಗೋ, ತಮಗೋ. ಚಿತ್ರ ಮುಂದೆ ಹೋಯಿತು. ಭಾರತಿ ಸತ್ತಳು. ಮಕ್ಕಳು ದೊಡ್ಡವರಾದರು. ನನ್ನ ಎದೆ ಡವಡವ. ನೀರು ಕುಡಿಯೋ ನೆಪದಲ್ಲಿ ಎದ್ದೆ. ಬಿಂದಿಗೆ ಹತ್ತಿರ ನಿಂತು ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಅಕ್ಕನ ಮಗ ಬಾಯಿ ತೆರೆದ.

ಚಿಕ್ಕಪ್ಪ ಒಂದು ಕಡ್ಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ತೆರೆಯನ್ನೇ ನೋಡುತ್ತಾ ಅಂದರು:

"ಪಾಪ, ಚಿಕ್ಕ ಹುಡುಗ ಕಣೋ ಅವನು."

ಆಮೇಲೆ ನನ್ನ ಕಡೆ ತಿರುಗಿ, "ಅಲ್ಲೇನು ಮಾಡ್ತಾ ನಿಂತಿದ್ದೀಯ, ಬಾ ಕೂತ್ಕೋ. ಸೌಂಡು ಜೋರು ಮಾಡು, ಅಣ್ಣಾವ್ರು ಈಗ ಹೊರಡ್ತಾರೆ."